ಜಿಪ್ಸಿಗೆ ಎರಡು ಇಂಚು ಲಿಫ್ಟ್: ಅಳತೆಯಿಂದ ಅಲೈನ್‌ಮೆಂಟ್‌ವರೆಗೆ

ಗಾಡಿಯನ್ನು ಎತ್ತರಿಸುವ ಮುನ್ನ ಅದರ ಅಡಿಗೆ ನುಗ್ಗಿ, ಟಾರ್ಚ್ ಹಾಕಿ, ಕಲ್ಲು ಉಜ್ಜಿದ ಗುರುತುಗಳು ಎಲ್ಲೆಲ್ಲಿವೆ ಎಂದು ನೋಡಿ. ಗಾಡಿಯ ಮೈಯನ್ನು ಚಕ್ರಗಳ ಅಚ್ಚಿನಿಂದ (ಆಕ್ಸಲ್) ಮೇಲಕ್ಕೆತ್ತುವ ಬಿಡಿಭಾಗಗಳ ಸೆಟ್, ಅಂದರೆ ಲಿಫ್ಟ್ ಕಿಟ್, ಬೇಕೋ ಬೇಡವೋ ಎಂಬುದನ್ನು ಆ ಗೀರುಗಳೇ ಹೇಳುತ್ತವೆ. ಆಕ್ಸಲ್‌ನ ನಡುವೆ ಗೇರುಗಳನ್ನು ಮುಚ್ಚಿರುವ ಡಿಫರೆನ್ಷಿಯಲ್ ಹೌಸಿಂಗಿನ ಉಬ್ಬಿನ ಮೇಲೆ ಮಾತ್ರ ಗೀರುಗಳಿದ್ದರೆ ಸ್ಪ್ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಹೌಸಿಂಗ್ ಇರುವುದು ಚಕ್ರಗಳ ನಡುವೆ. ಸ್ಪ್ರಿಂಗ್ ಎಷ್ಟೇ ಎತ್ತರದ್ದಾದರೂ ಅದು ಇದ್ದಲ್ಲಿಂದ ಒಂದು ಮಿಲಿಮೀಟರ್ ಕೂಡ ಏಳುವುದಿಲ್ಲ. ಅದನ್ನು ಮೇಲೆತ್ತುವುದು ದೊಡ್ಡ ಟೈರ್ ಒಂದೇ. ಜಿಪ್ಸಿಯ ಕಾಗದದಲ್ಲಿ ಕಾಣುವ 210 ಮಿಲಿಮೀಟರ್ ನೆಲದ ಅಂತರ ಲಿಫ್ಟ್ ಹಾಕಿದ ಮೇಲೂ ಅಷ್ಟೇ ಇರುತ್ತದೆ ಎಂದರೆ ಅನೇಕರು ನಂಬುವುದಿಲ್ಲ.

ಗೀರುಗಳು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಅಡಿಯ ಪಟ್ಟಿಯ ಮೇಲೆ, ಚಾಸಿಸ್ ಮೇಲೆ, ಸೈಲೆನ್ಸರ್ ಮೇಲೆ, ಹಿಂದಿನ ಬಂಪರಿನ ಮೂಲೆಯ ಮೇಲೆ ಇದ್ದರೆ ಮಾತು ಬೇರೆ. ನಡುವೆ ದಿಬ್ಬ ಉಳಿದ ಜಾಡಿನಲ್ಲಿ ಹೊಟ್ಟೆ ಕೂರುವುದು, ಹಳ್ಳಕ್ಕಿಳಿಯುವಾಗ ಮೂತಿ ತಗಲುವುದು, ಏರಿದ ಕೂಡಲೇ ಬಾಲ ಉಜ್ಜುವುದು, ಇವೆಲ್ಲ ಲಿಫ್ಟ್‌ನಿಂದ ಕಡಿಮೆಯಾಗುತ್ತವೆ. ಜೊತೆಗೆ ಚಕ್ರದ ಮೇಲಿನ ಜಾಗ ಹೆಚ್ಚುವುದರಿಂದ ದೊಡ್ಡ ಟೈರ್ ಹಾಕಲು ಅವಕಾಶವಾಗುತ್ತದೆ. ಲಿಫ್ಟ್ ಮತ್ತು ಟೈರ್ ಜೋಡಿಯಾಗಿ ಬಂದಾಗಲೇ ಈ ಖರ್ಚಿಗೆ ಅರ್ಥ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಜಿಪ್ಸಿಯೇ ಏಕೆ, ಎರಡೇ ಇಂಚು ಏಕೆ

1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂದ ಮಾರುತಿ ಜಿಪ್ಸಿ, 1996ರಲ್ಲಿ 1.3 ಲೀಟರ್ ಎಂಜಿನ್ ಪಡೆದು, 2019ರ ಹೊತ್ತಿಗೆ ನಿಂತುಹೋಯಿತು. ಅಷ್ಟೂ ವರ್ಷ ಅದರ ಕಾಲುಗಳು ಬದಲಾಗಲಿಲ್ಲ: ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೆ ನಾಲ್ಕು ಲೀಫ್ ಸ್ಪ್ರಿಂಗ್. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಅದು ಇನ್ನೂ ಉಳಿದಿರುವುದಕ್ಕೆ ಈ ಸರಳತನವೂ ಒಂದು ಕಾರಣ. ಒಂದು ಸಾಕೆಟ್ ಸೆಟ್, ಎರಡು ಜಾಕಿ ಮತ್ತು ತಾಳ್ಮೆ ಇದ್ದವರು ಮನೆಯ ಶೆಡ್ಡಿನಲ್ಲೇ ಇದನ್ನು ಬಿಚ್ಚಿ ಕಟ್ಟಬಹುದು. ಕಾಯಿಲ್ ಸ್ಪ್ರಿಂಗಿನ ಜಿಮ್ನಿಗಾಗಲಿ, ಮುಂಭಾಗದಲ್ಲಿ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ 2020ರ ನಂತರದ ಥಾರ್‌ಗಾಗಲಿ ಇಲ್ಲಿನ ಕ್ರಮ ಹೊಂದುವುದಿಲ್ಲ.

ಎತ್ತರಿಸುವ ದಾರಿಗಳು ಹಲವು. ಅತಿ ಅಗ್ಗದ್ದು ಉದ್ದನೆಯ ಶ್ಯಾಕಲ್, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ, ಅಲುಗುವ ಕೊಂಡಿ. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ಅದಕ್ಕೆ ತೆರುವ ಬೆಲೆ ಸ್ಟಿಯರಿಂಗ್. ಜಿಪ್ಸಿಯ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಆ ತುದಿ ತಗ್ಗಿದರೆ ಆಕ್ಸಲ್ ಮುಂದಕ್ಕೆ ಮುಗ್ಗರಿಸಿದಂತೆ ತಿರುಗಿ, ಕ್ಯಾಸ್ಟರ್ ಕೋನ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಮೇಲೆ ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಹುಡುಕಾಡುತ್ತದೆ.

ಪಿಕಪ್ ಗಾಡಿಗಳ ಹಿಂಭಾಗದಲ್ಲಿ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸಿದ್ದನ್ನು ಕಂಡವರು ಜಿಪ್ಸಿಗೂ ಅದನ್ನೇ ಕೇಳುತ್ತಾರೆ. ಆ ಗಾಡಿಗಳಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಮೇಲಿರುತ್ತದೆ. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದೆ. ಇಲ್ಲಿ ನಡುವೆ ಬ್ಲಾಕ್ ಇಟ್ಟರೆ ಗಾಡಿ ಏಳುವ ಬದಲು ಕುಸಿಯುತ್ತದೆ! ಸ್ಪ್ರಿಂಗನ್ನೇ ಆಕ್ಸಲ್‌ನ ಮೇಲಕ್ಕೆ ವರ್ಗಾಯಿಸುವ ದಾರಿಯೂ ಇದೆ. ಅದರಿಂದ ಐದು ಇಂಚಿನಷ್ಟು ಎತ್ತರ ಸಿಗುತ್ತದೆ. ಆದರೆ ಆಕ್ಸಲ್ ಮೇಲೆ ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು, ಸ್ಟಿಯರಿಂಗ್ ಕೊಂಡಿಗಳನ್ನು ಬದಲಿಸಬೇಕು, ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ ಮಾಡಿಸಬೇಕು. ಅದು ಸ್ಪರ್ಧೆಯ ಗಾಡಿಯವರ ಕೆಲಸ. ತೋಟಕ್ಕೂ ಸಂತೆಗೂ ಒಂದೇ ಗಾಡಿ ಓಡಿಸುವವರಿಗೆ ಹೆಚ್ಚು ಬಾಗಿದ ಹೊಸ ಲೀಫ್ ಸ್ಪ್ರಿಂಗ್, ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಇರುವ ಎರಡು ಇಂಚಿನ ಕಿಟ್ ಸಾಕು. ಅದರಾಚೆಗೆ ಹೋದರೆ ಪ್ರತಿ ಇಂಚೂ ಇನ್ನೊಂದು ಭಾಗವನ್ನು ಬದಲಿಸು ಎನ್ನುತ್ತದೆ.

ಕಾನೂನಿನ ಮಾತು

ಇದನ್ನು ಕೊನೆಗೆ ಹೇಳಿ ತಪ್ಪಿಸಿಕೊಳ್ಳುವ ರೂಢಿಯಿದೆ. ನಾನು ಮೊದಲೇ ಹೇಳುತ್ತೇನೆ. ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ವಿಮೆಯ ಕ್ಲೇಮು ತಿರಸ್ಕೃತವಾಗುವ ಅಪಾಯ ಬೇರೆ. ಹಳೆಯ ಜಿಪ್ಸಿಗಳಲ್ಲಿ ಬಹುಪಾಲು 15 ವರ್ಷ ದಾಟಿದವು, ಮರುನೋಂದಣಿಗೆ ತಪಾಸಣೆಗೆ ನಿಲ್ಲಬೇಕಾದವು. ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ, ಆಮೇಲೆ ವಿಮಾ ಕಂಪನಿಯಲ್ಲಿ ಲಿಖಿತವಾಗಿ ವಿಚಾರಿಸಿ. ಖಾಸಗಿ ತೋಟದ ಬೇಲಿಯೊಳಗೆ ಅಥವಾ ಸ್ಪರ್ಧೆಯಲ್ಲಿ ಮಾತ್ರ ಓಡುವ ಗಾಡಿಗೆ ಈ ಚಿಂತೆ ಕಡಿಮೆ. ಹಳೆಯ ಸ್ಪ್ರಿಂಗ್ ಸೆಟ್ಟನ್ನು ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ.

ಕಿಟ್ ಕೊಳ್ಳುವಾಗ

ಡಬ್ಬಿ ಬಿಚ್ಚಿದಾಗ ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್ ಅಬ್ಸಾರ್ಬರ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್‌ಗಳು, ಸ್ಪ್ರಿಂಗಿನ ತುದಿಯ ಕಣ್ಣುಗಳೊಳಗೆ ಕೂರುವ ಬುಷ್‌ಗಳು ಇರಲೇಬೇಕು. ಉದ್ದನೆಯ ಬ್ರೇಕ್ ಹೋಸ್, ಆಕ್ಸಲ್ ಮೇಲೆ ಬಂದು ಚಾಸಿಸ್‌ಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ತಗ್ಗಿಸುವ ತುಂಡುಗಳು, ಕ್ಯಾಸ್ಟರ್ ಸರಿಪಡಿಸುವ ಬೆಣೆಗಳು ಇದ್ದರೆ ಅದು ತಿಳಿದವರು ಕಟ್ಟಿದ ಕಿಟ್. ಸ್ಪ್ರಿಂಗ್ ಮಾತ್ರ ಕೊಟ್ಟು ಶಾಕ್ ಅಬ್ಸಾರ್ಬರ್ ಹಳೆಯದೇ ಇರಲಿ ಎನ್ನುವವರ ಬಳಿ ಕೊಳ್ಳಬೇಡಿ. ಹಳೆಯ ಶಾಕ್ ಗಿಡ್ಡವಾಗಿ, ಚಕ್ರ ಹಳ್ಳಕ್ಕಿಳಿದಾಗ ಇಡೀ ಆಕ್ಸಲ್ ಅದರ ಮೇಲೆಯೇ ನೇತಾಡುತ್ತದೆ. ಕೆಲವೇ ದಿನಗಳಲ್ಲಿ ಅದರ ಕಿವಿ ಕಿತ್ತು ಬರುತ್ತದೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಎಂಬ ಪ್ರಶ್ನೆಯನ್ನು ಎತ್ತರದಷ್ಟೇ ಗಂಭೀರವಾಗಿ ಕೇಳಬೇಕು. ಜಿಪ್ಸಿ ಹಗುರ ಗಾಡಿ, ಸಾಫ್ಟ್ ಟಾಪ್ ಆದರೆ ಸಾವಿರ ಕಿಲೋದ ಆಸುಪಾಸು. ಹಿಂದೆ ಸದಾ ಗೊಬ್ಬರದ ಚೀಲ, ಕಾಫಿ ಮೂಟೆ ಇರುವುದಾದರೆ ಹೆಚ್ಚು ಪಟ್ಟಿಗಳ ಭಾರದ ಸೆಟ್ ಸರಿ. ಇಬ್ಬರೇ ಕೂತು ಓಡಾಡುವ ಗಾಡಿಗೆ ಅದೇ ಸೆಟ್ ಹಾಕಿದರೆ ಪ್ರತಿ ಕಲ್ಲೂ ಬೆನ್ನುಮೂಳೆಗೆ ತಿಳಿಯುತ್ತದೆ. ಮೇಲಾಗಿ ಸ್ಪ್ರಿಂಗ್ ಬಾಗದೆ ಚಕ್ರ ಗಾಳಿಯಲ್ಲಿ ಉಳಿದು ಹಿಡಿತ ತಪ್ಪುತ್ತದೆ. ಮುಂದೆ ವಿಂಚ್, ಕಬ್ಬಿಣದ ಬಂಪರ್ ಇದ್ದರೆ ಮುಂದಿನ ಜೋಡಿಗೆ ಮಾತ್ರ ಭಾರದ ದರ್ಜೆ ಕೇಳಿ.

ಸಲಕರಣೆಗಳ ಪೈಕಿ ಟ್ರಾಲಿ ಜಾಕಿ ಎರಡು, ಭಾರ ಹೊರುವ ಸ್ಟ್ಯಾಂಡ್ ಒಂದು ಜೊತೆ, 14, 17 ಮತ್ತು 19ರ ಸಾಕೆಟ್‌ಗಳು, ಉದ್ದನೆಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಬಾಲ್ ಜಾಯಿಂಟ್ ಪುಲ್ಲರ್, ಬ್ರೇಕ್ ಪೈಪಿಗೆ ಫ್ಲೇರ್ ನಟ್ ಸ್ಪ್ಯಾನರ್. ಗ್ರೈಂಡರ್ ಪಕ್ಕದಲ್ಲಿರಲಿ, ಬೇಕಾಗದಿದ್ದರೆ ನಿಮ್ಮ ಅದೃಷ್ಟ.

ಎರಡು ದಿನ ಮೊದಲು

ಮಲೆನಾಡಿನ ಕೆಸರಿನಲ್ಲಿ ಹತ್ತಾರು ಮಳೆಗಾಲ ಕಂಡ ಶ್ಯಾಕಲ್ ಬೋಲ್ಟ್ ಸುಮ್ಮನೆ ಬಿಚ್ಚಿಕೊಳ್ಳುವುದಿಲ್ಲ. ಬುಷ್‌ನೊಳಗಿನ ಕಬ್ಬಿಣದ ಕೊಳವೆಗೆ ಬೋಲ್ಟ್ ತುಕ್ಕಿನಿಂದ ಅಂಟಿಕೊಂಡು ಎರಡೂ ಒಂದೇ ತುಂಡಾಗಿರುತ್ತವೆ. ನಟ್ ತಿರುಗುತ್ತದೆ, ಬೋಲ್ಟೂ ತಿರುಗುತ್ತದೆ, ರಬ್ಬರ್ ಹಿಂಡಿಕೊಳ್ಳುತ್ತದೆ, ಹೊರಗೆ ಮಾತ್ರ ಏನೂ ಬರುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಗಾಡಿಯ ಅಡಿಯನ್ನು ನೀರಿನಿಂದ ತೊಳೆದು, ಒಣಗಿಸಿ, ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಗ್ಗೆ ಸಂಜೆ ಮತ್ತೆ ಹಾಕಿ. ಎಂಟು ಶ್ಯಾಕಲ್ ಬೋಲ್ಟ್, ನಾಲ್ಕು ಸ್ಥಿರ ತುದಿಯ ಬೋಲ್ಟ್, ಹದಿನಾರು ಯು ಬೋಲ್ಟ್ ನಟ್, ಶಾಕ್‌ಗಳ ನಟ್, ಬ್ರೇಕ್ ಹೋಸ್ ಸೇರುವ ಜಾಗ, ಒಂದನ್ನೂ ಬಿಡಬೇಡಿ.

ಆಮೇಲೆ ಅಳತೆ. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಅಂಕಿ ಸುಳ್ಳಾಗುತ್ತದೆ. ಹಳೆಯ ಗಾಡಿಗಳಲ್ಲಿ ಎಡಬಲಗಳ ನಡುವೆ ವ್ಯತ್ಯಾಸ ಕಾಣುವುದು ಸಾಮಾನ್ಯ. ಸೋತು ಚಪ್ಪಟೆಯಾದ ಸ್ಪ್ರಿಂಗ್ ತೆಗೆದು ಎರಡು ಇಂಚಿನ ಕಿಟ್ ಹಾಕಿದಾಗ ಮೂರು ಇಂಚು ಎದ್ದಂತೆ ಕಂಡರೆ ಗಾಬರಿ ಬೇಡ. ಅದರಲ್ಲಿ ಒಂದು ಇಂಚು ಗಾಡಿ ವರ್ಷಗಳಿಂದ ಕಳೆದುಕೊಂಡಿದ್ದದ್ದು.

ಇನ್ನೊಂದು ಗುರುತು ಹಾಕಿಕೊಳ್ಳಿ. ಹಿಂದಿನ ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳಲ್ಲಿ, ಪ್ರತಿಯೊಂದರ ಎರಡು ತುಂಡುಗಳು ಒಂದರೊಳಗೊಂದು ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳಿರುವ) ಜಾಗದಲ್ಲಿ, ಹೊರಗಿನ ಕೊಳವೆಯ ಅಂಚಿಗೆ ಸರಿಯಾಗಿ, ಒಳಗಿನ ಶಾಫ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಆ ಗೆರೆ ಎಷ್ಟು ಹೊರಗೆ ಬಂದಿದೆ ಎಂದು ನೋಡಿದರೆ ಶಾಫ್ಟ್ ಎಷ್ಟು ಎಳೆದುಕೊಂಡಿದೆ ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ.

ಹಿಂಭಾಗದಿಂದ ಆರಂಭ

ಹಿಂಭಾಗದಲ್ಲಿ ಸ್ಟಿಯರಿಂಗ್ ತಂಟೆಯಿಲ್ಲ, ಕೈ ಪಳಗಲು ಒಳ್ಳೆಯದು. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಗಾಡಿಯನ್ನು ಗೇರಿನಲ್ಲಿಡಿ. ಹಿಂದಿನ ಚಕ್ರ ಎದ್ದ ಮೇಲೆ ಹ್ಯಾಂಡ್‌ಬ್ರೇಕ್ ಆಗಲಿ, ಗೇರ್ ಒಂದೇ ಆಗಲಿ ಹಿಡಿಯುತ್ತದೆಂಬ ನಂಬಿಕೆ ಬೇಡ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಹಿಂಭಾಗವನ್ನು ಎತ್ತಿ, ಸ್ಟ್ಯಾಂಡ್‌ಗಳನ್ನು ಚಾಸಿಸ್ ಅಡಿಗೆ, ಸ್ಪ್ರಿಂಗಿನ ಮುಂತುದಿಗಿಂತ ಸ್ವಲ್ಪ ಮುಂದೆ ಕೊಡಿ. ಆಕ್ಸಲ್ ಅಡಿಗೆ ಸ್ಟ್ಯಾಂಡ್ ಕೊಟ್ಟರೆ ನೀವು ಬಿಚ್ಚಬೇಕಾದ ವಸ್ತುವಿನ ಮೇಲೆಯೇ ಗಾಡಿ ನಿಂತಂತಾಗುತ್ತದೆ. ಆಕ್ಸಲ್‌ಗೆ ಪ್ರತ್ಯೇಕ ಟ್ರಾಲಿ ಜಾಕಿ, ಹೌಸಿಂಗ್ ಅಡಿಗೆ. ಮಣ್ಣಿನ ನೆಲವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇರಲೇಬೇಕು. ಕೊನೆಗೆ ಗಾಡಿಯನ್ನು ಎರಡೂ ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿ. ಬೀಳುವುದಾದರೆ ನೀವು ಅಡಿಗೆ ಹೋಗುವ ಮೊದಲೇ ಬೀಳಲಿ.

ಚಕ್ರ ತೆಗೆದು, ಶಾಕ್‌ಗಳನ್ನು ಬಿಚ್ಚಿ. ಚಾಸಿಸ್‌ನಿಂದ ಆಕ್ಸಲ್‌ಗೆ ಬರುವ ಬ್ರೇಕ್ ಹೋಸ್, ಆಕ್ಸಲ್‌ನ ಗಾಳಿ ಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್, ಇವುಗಳಲ್ಲಿ ಯಾವುದೂ ಬಿಗಿಯಾಗಿ ಎಳೆದುಕೊಳ್ಳದಂತೆ ಕ್ಲಿಪ್‌ಗಳಿಂದ ಬಿಡಿಸಿ. ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ, ಆಕ್ಸಲ್‌ಗೆ ಕೊಂಡಿ ಹಾಕಿರುವ ಅದರ ಸಣ್ಣ ಸ್ಪ್ರಿಂಗನ್ನು ನೆನಪಿಟ್ಟು ಬಿಚ್ಚಿ. ಲಿಫ್ಟ್ ನಂತರ ಈ ವಾಲ್ವ್‌ಗೆ ಗಾಡಿ ಸದಾ ಖಾಲಿಯಿದೆ ಎಂಬ ಭ್ರಮೆಯಾಗಿ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಆದ್ದರಿಂದ ಅದರ ಕೊಂಡಿ ಸೇರುವ ಜಾಗವನ್ನು ಗಾಡಿ ಎದ್ದಷ್ಟೇ ಎತ್ತರಿಸುವ ಒಂದು ಬ್ರಾಕೆಟ್ ಬೇಕು. ಮನೆಯಲ್ಲಿ ಕಿಟ್ ಹಾಕುವವರು ಅತಿ ಹೆಚ್ಚು ಮರೆಯುವ ಭಾಗ ಇದೇ.

ಎರಡೂ ಸ್ಪ್ರಿಂಗ್‌ಗಳನ್ನು ಒಟ್ಟಿಗೆ ತೆಗೆಯಬೇಡಿ. ಒಂದು ಕಡೆಯದು ಕಟ್ಟಿದ್ದಂತೆಯೇ ಇದ್ದರೆ ಆಕ್ಸಲ್ ಅದನ್ನು ಹಿಡಿದುಕೊಂಡಿರುತ್ತದೆ. ಎರಡೂ ಹೋದರೆ ಅದು ಜಾಕಿಯ ಮೇಲೆ ಉರುಳುವ ದಿಮ್ಮಿ. ಒಂದು ಬದಿಯ ಯು ಬೋಲ್ಟ್‌ಗಳನ್ನು ಬಿಚ್ಚಿ, ಅಡಿಯ ಪ್ಲೇಟ್ ತೆಗೆದು, ಇನ್ನೊಂದು ಬದಿಯ ಯು ಬೋಲ್ಟ್‌ಗಳನ್ನು ಸ್ವಲ್ಪವೇ ಸಡಿಲಿಸಿ. ಆಕ್ಸಲ್ಲನ್ನು ತುಸು ಮೇಲೆತ್ತಿ, ಮೊದಲು ಶ್ಯಾಕಲ್ ತುದಿ, ಆಮೇಲೆ ಸ್ಥಿರ ತುದಿ ಬಿಡಿಸಿ ಸ್ಪ್ರಿಂಗ್ ಹೊರತೆಗೆಯಿರಿ. ಬೋಲ್ಟ್ ಹಠ ಹಿಡಿದರೆ ಸುತ್ತಿಗೆಯಿಂದ ಥ್ರೆಡ್ ಚಪ್ಪಟೆ ಮಾಡುತ್ತ ಕೂರಬೇಡಿ. ಶ್ಯಾಕಲ್ ಪಟ್ಟಿ ಮತ್ತು ಬುಷ್ ನಡುವೆ ಗ್ರೈಂಡರ್ ಇಳಿಸಿ ಕತ್ತರಿಸಿ. ಕಿಡಿ ಹಾರುವ ದಿಕ್ಕಿನಲ್ಲಿ ಪೆಟ್ರೋಲ್ ಟ್ಯಾಂಕ್, ಇಂಧನದ ಪೈಪ್, ಬ್ರೇಕ್ ಹೋಸ್ ಯಾವುದೂ ಇರಬಾರದು. ಬಕೆಟ್ ತುಂಬ ನೀರು ಮತ್ತು ಒದ್ದೆ ಗೋಣಿಚೀಲ ಕೈಗೆಟಕುವಂತಿರಲಿ.

ಹೊಸ ಸ್ಪ್ರಿಂಗನ್ನು ಹಳೆಯದರ ಪಕ್ಕದಲ್ಲಿ ಮಲಗಿಸಿ, ಪಟ್ಟಿಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟಿನಿಂದ ಎರಡೂ ತುದಿಯ ಕಣ್ಣುಗಳಿಗಿರುವ ದೂರವನ್ನು ಹೋಲಿಸಿ. ಎರಡು ಕಡೆಯ ದೂರ ಒಂದೇ ಇಲ್ಲದ ಸ್ಪ್ರಿಂಗನ್ನು ತಿರುಗಿಸಿ ಕಟ್ಟಿದರೆ ಆಕ್ಸಲ್ ಮುಂದಕ್ಕೋ ಹಿಂದಕ್ಕೋ ಸರಿದು, ಚಕ್ರ ಮಡ್‌ಗಾರ್ಡಿನ ನಡುವೆ ಇರುವುದಿಲ್ಲ. ಬುಷ್ ಪಾಲಿಯುರಿಥೇನ್‌ನದ್ದಾದರೆ ಕಿಟ್ ಜೊತೆ ಬಂದ ಗ್ರೀಸನ್ನು ಧಾರಾಳವಾಗಿ ಹಚ್ಚಿ, ಇಲ್ಲವಾದರೆ ಮುಂದೆ ಕಿರುಗುಟ್ಟುತ್ತದೆ. ರಬ್ಬರ್ ಬುಷ್‌ಗೆ ಪೆಟ್ರೋಲಿಯಂ ಗ್ರೀಸ್ ಆಗದು. ರಬ್ಬರ್ ಉಬ್ಬಿ ಕೊಳೆಯುತ್ತದೆ, ಸೋಪಿನ ನೀರು ಸಾಕು.

ಸ್ಥಿರ ತುದಿಯ ಬೋಲ್ಟ್ ಮೊದಲು, ಆಮೇಲೆ ಶ್ಯಾಕಲ್. ನಟ್‌ಗಳನ್ನು ಬೆರಳಿನಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿ, ಅಲ್ಲಿಗೇ ನಿಲ್ಲಿಸಿ. ಇದು ಈ ಇಡೀ ಕೆಲಸದ ಅತಿ ಮುಖ್ಯ ಸೂಚನೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಈ ನಟ್‌ಗಳನ್ನು ಪೂರ್ತಿ ಬಿಗಿದರೆ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ಬುಷ್ ತಿರುಚಿಕೊಂಡು, ಸವಾರಿ ಗಡುಸಾಗಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೊನೆಯ ಬಿಗಿತ ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲಿರುವಾಗ ಮಾತ್ರ.

ಈಗ ಆಕ್ಸಲ್ಲನ್ನು ನಿಧಾನವಾಗಿ ಇಳಿಸುತ್ತ, ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪೀಠದ ರಂಧ್ರದೊಳಗೆ ಸರಿಯಾಗಿ ಕೂರುವಂತೆ ನೋಡಿ. ಕಣ್ಣಿಗೆ ಕಾಣದಿದ್ದರೆ ಬೆರಳಿನ ಬದಲು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿ ನೋಡಿ. ಹೊಸ ಯು ಬೋಲ್ಟ್ ಹಾಕಿ, ನಾಲ್ಕೂ ನಟ್‌ಗಳನ್ನು ಕರ್ಣಾಕಾರವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಪ್ಲೇಟಿನ ಕೆಳಗೆ ನಾಲ್ಕೂ ಕಡೆ ಒಂದೇ ಉದ್ದದ ಥ್ರೆಡ್ ಕಾಣಬೇಕು. ಮೂಲ ಅಳತೆಯ ಯು ಬೋಲ್ಟ್‌ಗೆ 60ರಿಂದ 80 ನ್ಯೂಟನ್ ಮೀಟರ್ ಸಾಕು. ಕಿಟ್‌ನ ಹಾಳೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹಳೆಯ ಯು ಬೋಲ್ಟ್ ಎಷ್ಟೇ ಹೊಳೆಯುತ್ತಿದ್ದರೂ ಮತ್ತೆ ಬಳಸಬಾರದು, ಒಮ್ಮೆ ಎಳೆದುಕೊಂಡ ಥ್ರೆಡ್ ಎರಡನೆಯ ಸಲ ಅದೇ ಬಿಗಿತ ಹಿಡಿಯುವುದಿಲ್ಲ. ಜಿಪ್ಸಿಯಲ್ಲಿ ಈ ನಟ್‌ಗಳು ಕೆಳಮುಖವಾಗಿ, ಎಲ್ಲಕ್ಕಿಂತ ಮೊದಲು ಕಲ್ಲಿಗೆ ಬಡಿಯುವಂತೆ ಇರುತ್ತವೆ. ಹೆಚ್ಚಾಗಿ ಉಳಿದ ಥ್ರೆಡ್ಡನ್ನು ಎರಡು ಮೂರು ಸುತ್ತು ಬಿಟ್ಟು ಕತ್ತರಿಸಿ, ತುದಿಗೆ ಬಣ್ಣ ಬಳಿಯಿರಿ. ಇಲ್ಲವಾದರೆ ಮುಂದಿನ ಸಲ ಬಿಚ್ಚುವಾಗ ನಟ್ ಇಳಿಯಲು ಥ್ರೆಡ್ಡೇ ಇರುವುದಿಲ್ಲ.

ಇನ್ನೊಂದು ಬದಿಗೂ ಇದೇ ಕ್ರಮ. ಆಮೇಲೆ ಹೊಸ ಶಾಕ್‌ಗಳು, ಚಕ್ರಗಳು.

ಮುಂಭಾಗ: ಕೋನದ ಲೆಕ್ಕ

ಬಿಚ್ಚುವ ಕಟ್ಟುವ ಕ್ರಮ ಹಿಂಭಾಗದ್ದೇ. ಕಲ್ಲು ಕೊಡುವುದು ಹಿಂದಿನ ಚಕ್ರಕ್ಕೆ, ಸ್ಟ್ಯಾಂಡ್ ಸ್ಪ್ರಿಂಗಿನ ಹಿಂತುದಿಗಿಂತ ಹಿಂದೆ. ಹೆಚ್ಚುವರಿಯಾಗಿ ಸ್ಟೆಬಿಲೈಸರ್ ಬಾರ್ ಇದ್ದರೆ ಅದನ್ನು ಬಿಡಿಸಬೇಕು, ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರಗಳತ್ತ ಹೋಗುವ ಸರಳಾದ ಡ್ರ್ಯಾಗ್ ಲಿಂಕಿನ ಒಂದು ತುದಿಯನ್ನು ಪುಲ್ಲರ್ ಹಾಕಿ ತೆಗೆಯಬೇಕು. ಬಾಲ್ ಜಾಯಿಂಟಿಗೆ ನೇರವಾಗಿ ಸುತ್ತಿಗೆಯ ಏಟು ಕೊಟ್ಟರೆ ಥ್ರೆಡ್ ಹೋಗುತ್ತದೆ, ರಬ್ಬರ್ ಟೊಪ್ಪಿ ಹರಿಯುತ್ತದೆ. ಬ್ರೇಕ್ ಹೋಸಿನಿಂದ ಕ್ಯಾಲಿಪರ್ ನೇತಾಡಲು ಬಿಡಬೇಡಿ.

ಬೆಣೆಯ ವಿಚಾರವನ್ನು ಇಲ್ಲಿ ನಿಂತು ಯೋಚಿಸಬೇಕು. ಕ್ಯಾಸ್ಟರ್ ಹೆಚ್ಚಿಸಲು ಸ್ಪ್ರಿಂಗ್ ಮತ್ತು ಆಕ್ಸಲ್ ಪೀಠದ ನಡುವೆ, ದಪ್ಪ ತುದಿ ಮುಂದಕ್ಕೆ ಬರುವಂತೆ ಬೆಣೆ ಇಡುತ್ತಾರೆ. ಆಕ್ಸಲ್‌ನ ಮುಂಭಾಗ ಏಳುತ್ತದೆ, ಚಕ್ರ ಎಡಬಲಕ್ಕೆ ತಿರುಗುವ ಅಕ್ಷವಾದ ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ಮರಳುವ ಗುಣ ಬರುತ್ತದೆ. ಆದರೆ ಮುಂದಿನ ಡಿಫರೆನ್ಷಿಯಲ್‌ನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತುದಿ) ಹಿಂದಕ್ಕೆ ಮುಖ ಮಾಡಿದೆ. ಆಕ್ಸಲ್‌ನ ಮುಂಭಾಗ ಎದ್ದರೆ ಪಿನಿಯನ್ ನೆಲದತ್ತ ಬಾಗುತ್ತದೆ. ಅದೇ ಹೊತ್ತಿಗೆ ಟ್ರಾನ್ಸ್‌ಫರ್ ಕೇಸ್ ಎರಡು ಇಂಚು ಮೇಲೆ ಹೋಗಿದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು, ಅಂದರೆ ತುದಿಯ ಬಾಗುವ ಕೀಲುಗಳು, ಹೆಚ್ಚು ಕೋನದಲ್ಲಿ ತಿರುಗಬೇಕಾಗುತ್ತದೆ. ಸ್ಟಿಯರಿಂಗಿಗೆ ಕೊಟ್ಟದ್ದನ್ನು ಶಾಫ್ಟಿನಿಂದ ಕಿತ್ತುಕೊಳ್ಳುವ ವ್ಯವಹಾರವಿದು. ಎರಡು ಇಂಚಿನ ಕಿಟ್‌ಗೆ ಎರಡು ಮೂರು ಡಿಗ್ರಿಗಿಂತ ಹೆಚ್ಚಿನ ಬೆಣೆ ಬೇಡ. ಮೊದಲು ಬೆಣೆಯಿಲ್ಲದೆ ಕಟ್ಟಿ, ಓಡಿಸಿ, ಗಾಡಿ ಅಲೆದಾಡುತ್ತದೆ ಎನಿಸಿದರೆ ಮಾತ್ರ ಹಾಕುವುದು ನನಗೆ ಇಷ್ಟ. ಎರಡನೇ ಸಲ ಬಿಚ್ಚುವ ಕಷ್ಟವಿದೆ, ನಿಜ. ಆದರೆ ಹೊಸ ಬೋಲ್ಟ್‌ಗಳು ಬೇಗ ಬಿಚ್ಚುತ್ತವೆ. ಬೆಣೆ ಉಕ್ಕಿನದಾಗಿರಲಿ. ಅಲ್ಯೂಮಿನಿಯಂ ಬೆಣೆ ಬಡಿತಕ್ಕೆ ಸೀಳಿ ಉದುರಿದರೆ ಯು ಬೋಲ್ಟ್‌ಗಳು ಒಮ್ಮೆಲೇ ಸಡಿಲವಾಗುತ್ತವೆ. ಬೆಣೆಯ ದಪ್ಪಕ್ಕೆ ತಕ್ಕಂತೆ ಸೆಂಟರ್ ಬೋಲ್ಟಿನ ತಲೆಯೂ ಉದ್ದವಾಗಿ, ಬೆಣೆ ದಾಟಿ ಪೀಠದ ರಂಧ್ರ ಹಿಡಿಯಬೇಕು.

ನೆಲಕ್ಕಿಳಿಸಿದ ಮೇಲೆ

ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಬಂಪರ್ ಮೇಲೆ ನಿಂತು ನಾಲ್ಕಾರು ಬಾರಿ ಕುಪ್ಪಳಿಸಿ, ಕೆಲವು ಮೀಟರ್ ಹಿಂದೆ ಮುಂದೆ ತಳ್ಳಿ. ಸ್ಪ್ರಿಂಗ್ ತನ್ನ ಜಾಗ ಹಿಡಿದ ಮೇಲೆ ಶ್ಯಾಕಲ್ ಮತ್ತು ಸ್ಥಿರ ತುದಿಯ ನಟ್‌ಗಳನ್ನು ಸರ್ವಿಸ್ ಕೈಪಿಡಿಯ ಅಂಕಿಗೆ ಬಿಗಿಯಿರಿ. ಆಮೇಲೆ ಚಾಸಿಸ್‌ನ ಒಂದು ನಿಶ್ಚಿತ ರಂಧ್ರದಿಂದ ಆಕ್ಸಲ್ ಕೊಳವೆಯವರೆಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ಮೂರು ನಾಲ್ಕು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದೋ ಸೆಂಟರ್ ಬೋಲ್ಟ್ ರಂಧ್ರದಲ್ಲಿ ಕೂತಿಲ್ಲ.

ಸ್ಟಿಯರಿಂಗ್ ಚಕ್ರ ಸೊಟ್ಟಗೆ ನಿಂತಿರುವುದು ಈಗ ಕಾಣುತ್ತದೆ. ಸ್ಟಿಯರಿಂಗ್ ಬಾಕ್ಸ್ ಚಾಸಿಸ್ ಜೊತೆ ಮೇಲೆ ಹೋಯಿತು, ಡ್ರ್ಯಾಗ್ ಲಿಂಕ್ ಓರೆಯಾಯಿತು, ಅಡ್ಡಲಾಗಿ ಅದರ ವ್ಯಾಪ್ತಿ ಕುಗ್ಗಿತು, ಅದು ಚಕ್ರಗಳನ್ನು ಎಳೆಯಿತು. ಲಾಕ್ ನಟ್ ಸಡಿಲಿಸಿ ಡ್ರ್ಯಾಗ್ ಲಿಂಕಿನ ಉದ್ದವನ್ನು ಹೊಂದಿಸಿ. ಸ್ಟಿಯರಿಂಗ್ ಚಕ್ರವನ್ನೇ ಕಿತ್ತು ಇನ್ನೊಂದು ಹಲ್ಲಿಗೆ ಕೂರಿಸುವ ಅಡ್ಡದಾರಿಯನ್ನು ಕೆಲವು ಗ್ಯಾರೇಜುಗಳಲ್ಲಿ ಹಿಡಿಯುತ್ತಾರೆ. ನೋಡಲು ನೇರವಾಗುತ್ತದೆ, ಆದರೆ ಸ್ಟಿಯರಿಂಗ್ ಬಾಕ್ಸ್ ಮಧ್ಯಬಿಂದು ತಪ್ಪಿ, ಒಂದು ಕಡೆ ತಿರುವು ಕಡಿಮೆಯಾಗುತ್ತದೆ.

ಇನ್ನು ಎಲ್ಲವೂ ಎಳೆದುಕೊಳ್ಳುವ ಸ್ಥಿತಿಯ ಪರೀಕ್ಷೆ. ಚಾಸಿಸ್ಸನ್ನು ಮತ್ತೆ ಸ್ಟ್ಯಾಂಡ್ ಮೇಲಿಟ್ಟು ಆಕ್ಸಲ್ ಪೂರ್ತಿ ಕೆಳಗೆ ತೂಗಲಿ. ಮುಂದಿನ ಚಕ್ರಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುತ್ತ ಬ್ರೇಕ್ ಹೋಸ್ ನೋಡಿ: ಎಲ್ಲೂ ಬಿಗಿಯಾಗಿರಬಾರದು, ಟೈರಿಗೆ, ಸ್ಪ್ರಿಂಗಿಗೆ ತಾಗಬಾರದು. ಬಿಗಿಯಾದರೆ ಉದ್ದನೆಯದನ್ನು ಹಾಕಿ, ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ನಾಲ್ಕೂ ಕಡೆ ಗಾಳಿ ತೆಗೆಯಿರಿ. ಅದೇ ಸ್ಥಿತಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗಳ ಬಿಳಿ ಗೆರೆ ಎಷ್ಟು ಹೊರಬಂದಿದೆ ನೋಡಿ, ಶಾಫ್ಟ್‌ಗಳನ್ನು ಕೈಯಿಂದ ತಿರುಗಿಸಿ ಕ್ರಾಸ್ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಗಮನಿಸಿ. ಎರಡು ಇಂಚಿಗೆ ಸಾಮಾನ್ಯವಾಗಿ ಮೂಲ ಶಾಫ್ಟ್‌ಗಳೇ ಸಾಕಾಗುತ್ತವೆ, ಸವೆದ ಕ್ರಾಸ್‌ಗಳು ಮಾತ್ರ ಈ ಹೊಸ ಕೋನದಲ್ಲಿ ಬೇಗ ಬಾಯಿ ಬಿಡುತ್ತವೆ.

ಬಳಿಕ ಇದರ ವಿರುದ್ಧ ಸ್ಥಿತಿ. ಒಂದು ಮುಂಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳುವಂತೆ ಮಾಡಿ. ಆಕ್ಸಲ್ ಮೊದಲು ಬಂಪ್ ಸ್ಟಾಪಿಗೆ ತಾಗಬೇಕು, ಶಾಕ್ ಅಬ್ಸಾರ್ಬರ್ ಒಳಗೆ ಬೆರಳಿನಷ್ಟಾದರೂ ಚಲನೆ ಉಳಿದಿರಬೇಕು. ಉಳಿದಿಲ್ಲವಾದರೆ ಬಂಪ್ ಸ್ಟಾಪನ್ನು ತುಂಡು ಕೊಟ್ಟು ತಗ್ಗಿಸಿ.

ಟೈರ್, ರಸ್ತೆ, ಮತ್ತೆ ಬಿಗಿತ

ಮೂಲ 205/70 ಆರ್15 ಟೈರಿನ ವ್ಯಾಸ 668 ಮಿಲಿಮೀಟರ್. 215/75 ಆರ್15 ಹಾಕಿದರೆ 703. ಅಂದರೆ ಡಿಫರೆನ್ಷಿಯಲ್ ಸುಮಾರು 18 ಮಿಲಿಮೀಟರ್ ಏಳುತ್ತದೆ. 235/75 ಆರ್15 ಆದರೆ 733, ಏರಿಕೆ ಸುಮಾರು 33. ದೊಡ್ಡದಕ್ಕೆ ಮಡ್‌ಗಾರ್ಡಿನ ಅಂಚನ್ನು ಅಲ್ಲಲ್ಲಿ ಸವರಬೇಕಾಗಬಹುದು. ಮೇಲಾಗಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಎಂಜಿನ್ ಒಂದು ಗೇರ್ ಕಡಿಮೆ ಕೇಳುತ್ತದೆ. ತೋಟದ ಕೆಲಸಕ್ಕೆ 215 ಸಾಕೆನ್ನುವವನು ನಾನು.

ಮುಂಚಕ್ರಗಳ ಮುಂದಿನ ಅಂಚುಗಳು ಎಷ್ಟು ಒಳಕ್ಕೆ ತಿರುಗಿವೆ ಎಂಬ ಟೋ ಇನ್ ಅಳತೆಯನ್ನು ಅಲೈನ್‌ಮೆಂಟ್ ಅಂಗಡಿಯಲ್ಲಿ ಸರಿಪಡಿಸಿಕೊಳ್ಳಿ, ಹೆಡ್‌ಲೈಟ್‌ಗಳನ್ನು ತಗ್ಗಿಸಿ. ಮುಂಭಾಗ ಎದ್ದಿರುವುದರಿಂದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನವಾಗಿರಲಿ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ, ಯಾವುದಾದರೂ ವೇಗದಲ್ಲಿ ನೆಲಹಾಸಿನಡಿ ಕಂಪನ ಬರುತ್ತದೆಯೇ ಎಂದು ಗಮನಿಸಿ. ಎಳೆದರೆ ಹೋಸ್ ಮತ್ತು ಕ್ಯಾಲಿಪರ್, ಕಂಪಿಸಿದರೆ ಶಾಫ್ಟಿನ ಕೋನ ನೋಡಬೇಕು. ಜಿಪ್ಸಿ ಮೊದಲೇ ಕಿರಿದಾದ, ಎತ್ತರದ ಗಾಡಿ. ಈಗ ಭಾರದ ಕೇಂದ್ರ ಇನ್ನೂ ಮೇಲೆ ಹೋಗಿದೆ. ಘಾಟಿಯ ತಿರುವಿನಲ್ಲಿ ಹಳೆಯ ವೇಗ ಮರೆತುಬಿಡಿ. ತೋಟದ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವ ಬದಲು ನೇರವಾಗಿ ಹತ್ತಿ ಇಳಿಯಿರಿ, ಮೇಲಿನ ಕ್ಯಾರಿಯರ್‌ನಲ್ಲಿ ಮೂಟೆ ಹೇರಬೇಡಿ.

ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಯು ಬೋಲ್ಟ್‌ಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಹೊಸ ಪಟ್ಟಿಗಳ ನಡುವಿನ ಬಣ್ಣ ಸವೆದು ಕಟ್ಟು ತುಸು ಕುಗ್ಗಿರುತ್ತದೆ, ಕೆಲವು ನಟ್‌ಗಳು ಕಾಲು ಸುತ್ತು ತಿರುಗುವುದು ಸಹಜ. ಐನೂರಕ್ಕೆ ಮತ್ತೊಮ್ಮೆ, ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ. ನಟ್ ಮತ್ತು ಪ್ಲೇಟ್ ಸೇರುವಲ್ಲಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಸಡಿಲವಾದದ್ದು ಯಾವುದೆಂದು ಬಗ್ಗಿ ನೋಡಿದರೇ ತಿಳಿಯುತ್ತದೆ.